ಮಳೆ ಬಂದರೆ ಸೊರಗುತ್ತಿದ್ದ ಬೆಟ್ಟದ ಪಾರ್ಕ್: ಒಂದು ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗ ರೋಲರ್‌ಕೋಸ್ಟರ್ ಟೈಕೂನ್ 2 ಎಂಬ ಕಂಪ್ಯೂಟರ್ ಆಟದಲ್ಲಿ ತಾನೇ ರೂಪಿಸಿ ನಡೆಸುತ್ತಿದ್ದ ಥೀಮ್ ಪಾರ್ಕ್ ಎರಡನೆಯ ವರ್ಷದ ನಡುವೆ ಕುಸಿಯತೊಡಗಿದಾಗ, ಅದರ ಸೇವ್ ಫೈಲನ್ನು ತೀರ್ಥಹಳ್ಳಿಯಲ್ಲಿರುವ ನನಗೆ ಕಳುಹಿಸಿ, ಕಾರಣ ಹುಡುಕಿಕೊಡುವಂತೆ ಕೇಳಿದ. ಅವನ ದೂರು ಇಷ್ಟೇ ಇತ್ತು: “ಮಾವ, ಮಳೆ ಶುರುವಾದ್ರೆ ಸಾಕು, ಪಾರ್ಕ್ ಪೂರ್ತಿ ಮಲಗ್ತದೆ. ಮಳೆ ನಿಲ್ಲಿಸೋ ಚೀಟ್ ಇದ್ಯಂತೆ, ಹಾಕ್ಲಾ?”

ಅಂಥ ಸೌಲಭ್ಯ ಇರುವುದು ನಿಜ. ಈ ಆಟವನ್ನು ಇಂದಿನ ಕಂಪ್ಯೂಟರ್‌ಗಳಲ್ಲಿ ನಡೆಸಲು ಬಹುತೇಕರು ಬಳಸುವ ಓಪನ್‌ಆರ್‌ಸಿಟಿ2 ತಂತ್ರಾಂಶದಲ್ಲಿ ಹವಾಮಾನವನ್ನು ಬದಲಾಗದಂತೆ ಹಿಡಿದಿಡಬಹುದು. ಆದರೆ ಮಳೆಯನ್ನು ನಿಲ್ಲಿಸಿಬಿಟ್ಟರೆ ಪಾರ್ಕಿನಲ್ಲಿ ನಿಜವಾಗಿ ಕೆಟ್ಟಿರುವುದು ಏನೆಂಬುದು ಎಂದಿಗೂ ತಿಳಿಯುವುದಿಲ್ಲವಾದ್ದರಿಂದ, ಅದನ್ನು ಮುಟ್ಟದೆ ಮೊದಲು ಪಾರ್ಕನ್ನು ನೋಡೋಣ ಎಂದು ಅವನಿಗೆ ಹೇಳಿದೆ. ಈ ಬರಹ ಆ ನೋಟದ ದಾಖಲೆ. ನಾನು ತಲುಪಿದ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಪಾರ್ಕನ್ನು ಕೆಡಿಸಿದ್ದು ಅದರ ದಾರಿಗಳು, ಬಿಸಿಲಿನ ದಿನಗಳಲ್ಲಿ ಮುಚ್ಚಿಹೋಗುತ್ತಿದ್ದ ಆ ದೋಷವನ್ನು ಮಳೆ ಹೊರಗೆ ಹಾಕುತ್ತಿತ್ತು.

ಆಟದ ಸಿನಾರಿಯೊ ಎಡಿಟರ್‌ನಲ್ಲಿ ನೆಲದ ಏರಿಳಿತ, ಸಾಲದ ಮಿತಿ, ಗುರಿ, ಹವಾಮಾನ ಎಲ್ಲವನ್ನೂ ಆಟಗಾರನೇ ಗೊತ್ತುಪಡಿಸಬಹುದು. ಬೆಚ್ಚಗಿನದು, ಬಿಸಿ ಮತ್ತು ಒಣ, ಶೀತ, ತಂಪು ಮತ್ತು ತೇವ ಎಂಬ ನಾಲ್ಕು ಹವಾಮಾನಗಳ ಪೈಕಿ ಹುಡುಗ ಕೊನೆಯದನ್ನು ಆರಿಸಿದ್ದ. ಅವನ ಮನಸ್ಸಿನಲ್ಲಿ ಇದ್ದದ್ದು ಆಗುಂಬೆಯ ಪಕ್ಕದ ಕುಂದಾದ್ರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯ ಬೆಟ್ಟವನ್ನು ಮಾದರಿಯಾಗಿ ಇಟ್ಟುಕೊಂಡವನು ಒಣ ಹವೆಯನ್ನು ಆರಿಸುವುದು ಸಾಧ್ಯವೂ ಇರಲಿಲ್ಲ. ಅವನು ತನಗೆ ತಾನೇ ಹಾಕಿಕೊಂಡ ಗುರಿ, ಮೂರನೆಯ ವರ್ಷದ ಅಕ್ಟೋಬರ್ ಕೊನೆಗೆ ಪಾರ್ಕಿನೊಳಗೆ ಕನಿಷ್ಠ 1,000 ಸಂದರ್ಶಕರು ಇರಬೇಕು ಮತ್ತು ಪಾರ್ಕಿನ ರೇಟಿಂಗ್ 600ಕ್ಕಿಂತ ಕೆಳಗೆ ಇರಬಾರದು ಎಂಬುದಾಗಿತ್ತು. ಪ್ರವೇಶ ಉಚಿತ, ಪ್ರತಿ ರೈಡಿಗೂ ಟಿಕೆಟ್ ಎಂಬ ಪದ್ಧತಿಯನ್ನು ಅವನು ಇಟ್ಟುಕೊಂಡಿದ್ದ.

ಆಟದ ಒಳಗಿನ ಲೆಕ್ಕ

ಈ ಸರಣಿಯ ಮೊದಲ ಆಟ 1999ರಲ್ಲಿ ಬಂದಿತು. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಅದನ್ನು ಬಹುಮಟ್ಟಿಗೆ ಒಬ್ಬರೇ ಬರೆದರು, ಅದೂ ಬಹುಪಾಲು, ಯಂತ್ರದ ಭಾಷೆಗೆ ತೀರಾ ಹತ್ತಿರವಾದ ಅಸೆಂಬ್ಲಿ ಭಾಷೆಯಲ್ಲಿ. ಎರಡನೆಯದು 2002ರದು. 2014ರಲ್ಲಿ ಆರಂಭವಾದ ಓಪನ್‌ಆರ್‌ಸಿಟಿ2 ಮುಕ್ತ ತಂತ್ರಾಂಶವಾಗಿದ್ದು, ಮೂಲ ಆಟದ ಫೈಲುಗಳು ಕೈಯಲ್ಲಿದ್ದರೆ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಇದರ ಅಗತ್ಯಗಳು ಎಷ್ಟು ಹಗುರವೆಂದರೆ, ಹುಡುಗನ ಹಳೆಯ ಲ್ಯಾಪ್‌ಟಾಪ್ ಇದನ್ನು ತಡವರಿಸದೆ ನಡೆಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಆಟ ತಾನಾಗಿಯೇ ಉಳಿಸಿಟ್ಟ ಪ್ರತಿ ಇರುವುದರಿಂದ ಕೆಲಸ ಕಳೆದುಹೋಗುವುದಿಲ್ಲ.

ಇಷ್ಟು ಹಳೆಯ ಆಟವನ್ನು ಒಂದು ಪ್ರಕರಣವಾಗಿ ಅಧ್ಯಯನ ಮಾಡಲು ಸಾಧ್ಯವಾಗುವುದಕ್ಕೆ ಮುಖ್ಯ ಕಾರಣ, ಅದು ಜನರನ್ನು ಒಟ್ಟು ಸಂಖ್ಯೆಯಾಗಿ ಅಲ್ಲದೆ ಒಬ್ಬೊಬ್ಬರನ್ನಾಗಿ ಲೆಕ್ಕಕ್ಕೆ ಹಿಡಿಯುವುದು. ಪಾರ್ಕಿನೊಳಗೆ ಓಡಾಡುವ ಪ್ರತಿ ಪುಟ್ಟ ಆಕೃತಿಗೂ ತನ್ನದೇ ಹಸಿವು, ಬಾಯಾರಿಕೆ, ದಣಿವು, ಓಕರಿಕೆ, ಶೌಚದ ಒತ್ತಡ, ಸಂತೋಷದ ಮಟ್ಟ ಇರುತ್ತದೆ. ಜೇಬಿನಲ್ಲಿ ಇಂತಿಷ್ಟು ಹಣ ಇರುತ್ತದೆ. ಎಷ್ಟು ತೀವ್ರತೆಯ ರೈಡನ್ನು ತಾನು ತಾಳಬಲ್ಲೆ ಎಂಬ ಮಿತಿ ಇರುತ್ತದೆ. ಅವನ ಮೇಲೆ ಕ್ಲಿಕ್ ಮಾಡಿದರೆ ತೆರೆಯುವ ಕಿಟಕಿಯಲ್ಲಿ ಅವನು ಹತ್ತಿದ ರೈಡುಗಳು, ಖರ್ಚು, ಕೈಯಲ್ಲಿರುವ ವಸ್ತುಗಳು ಮತ್ತು ಇತ್ತೀಚಿನ ಆಲೋಚನೆಗಳು ಸಾಲಾಗಿ ಕಾಣುತ್ತವೆ. ರೇಟಿಂಗ್, ಆದಾಯ, ಬರುವವರ ಸಂಖ್ಯೆ ಎಲ್ಲವೂ ಈ ಒಬ್ಬೊಬ್ಬರ ಪಾಡಿನಿಂದ ಹುಟ್ಟುವುದರಿಂದ, ಪಾರ್ಕಿಗೆ ಏನಾಗಿದೆ ಎಂದು ತಿಳಿಯಬೇಕಾದವರು ಹಣಕಾಸಿನ ಪುಟಕ್ಕಿಂತ ಮೊದಲು ಈ ಕಿಟಕಿಯನ್ನು ತೆರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಲದ ಲೆಕ್ಕವನ್ನೂ ಹೇಳಬೇಕು. ಆಟದ ವರ್ಷಕ್ಕೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಎಂಟೇ ತಿಂಗಳು. ಒಂದು ತಿಂಗಳು ನಮ್ಮ ಗಡಿಯಾರದಲ್ಲಿ ಸುಮಾರು ಏಳು ನಿಮಿಷ. ಮಳೆಯೂ ಅದಕ್ಕೆ ತಕ್ಕಂತೆ ಬಂದು ಹೋಗುತ್ತದೆ. ಆರಿದ್ರಾ ಮಳೆಯಂತೆ ದಿನಗಟ್ಟಲೆ ಹಿಡಿದು ಕೂರುವುದಿಲ್ಲ.

ಬೆಟ್ಟ, ದಾರಿ, ಮೈದಾನ

ಫೈಲ್ ತೆರೆದಾಗ ಕಂಡ ಪಾರ್ಕ್ ನೋಡಲು ಬಹಳ ಚೆನ್ನಾಗಿತ್ತು, ಇದನ್ನು ಹುಡುಗನ ಮೆಚ್ಚುಗೆಗಾಗಿ ಹೇಳುತ್ತಿಲ್ಲ. ನಡುವೆ ಹಂತಹಂತವಾಗಿ ಎತ್ತರಿಸಿದ ಬೆಟ್ಟ, ಸುತ್ತ ದಟ್ಟ ಮರಗಳು, ನೆತ್ತಿಯಲ್ಲಿ ಸಮತಟ್ಟಾದ ಬಂಡೆಯಂಥ ನೆಲ, ಅದರ ಅಂಚಿನಿಂದ ಕೆಳಕ್ಕೆ ಧುಮುಕುವ ಮರದ ರೋಲರ್ ಕೋಸ್ಟರ್. ಪ್ರವೇಶದ್ವಾರ ತಪ್ಪಲಿನಲ್ಲಿ. ಅಲ್ಲಿಂದ ಒಂದೇ ಒಂದು ದಾರಿ, ಆಟದ ನೆಲವನ್ನು ವಿಭಾಗಿಸಿರುವ ಚೌಕಗಳಲ್ಲಿ ಒಂದರಷ್ಟೇ ಅಗಲದ್ದು, ಬೆಟ್ಟವನ್ನು ಬಳಸಿಕೊಂಡು ನೆತ್ತಿಗೆ ಏರುತ್ತಿತ್ತು. ರೈಡುಗಳಲ್ಲಿ ಮುಕ್ಕಾಲು ಪಾಲು ಮೇಲೆಯೇ ಇದ್ದವು. ನೆತ್ತಿಯಲ್ಲಿ ಅವನು ನಾಲ್ಕು ಚೌಕ ಅಗಲದ ದೊಡ್ಡ ಕಲ್ಲುಹಾಸನ್ನು ಹಾಸಿ, ಸುತ್ತಲೂ ರೈಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೆಕ್ಯಾನಿಕ್‌ಗಳು ಬೇಗ ತಲುಪಲೆಂದು ರೈಡುಗಳ ಹಿಂದೆ ಸಣ್ಣ ಹಿಂದಾರಿಗಳನ್ನೂ ಬಿಟ್ಟಿದ್ದ. ಶೌಚಾಲಯ, ತಿಂಡಿಯ ಅಂಗಡಿಗಳು, ನಕ್ಷೆ ಮತ್ತು ಕೊಡೆ ಮಾರುವ ಮಾಹಿತಿ ಕೇಂದ್ರ, ಇವೆಲ್ಲ ಕೆಳಗೆ ಪ್ರವೇಶದ್ವಾರದ ಬಳಿ ಇದ್ದವು.

ಈ ವಿನ್ಯಾಸ ಎಲ್ಲಿಂದ ಬಂತೆಂದು ಕೇಳಿದಾಗ ಹುಡುಗ ಕೊಟ್ಟ ಉತ್ತರ ನನಗೆ ಇಡೀ ಪ್ರಕರಣದ ಬೀಗದ ಕೈಯಂತೆ ಒದಗಿತು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಅವನು ಕಂಡ ಆಟದ ಮೈದಾನವೇ ಅವನಿಗೆ ಮಾದರಿ. ಅಲ್ಲಿ ಜೈಂಟ್ ವೀಲ್, ಕೊಲಂಬಸ್, ಬಾವಿಯೊಳಗಿನ ಬೈಕ್ ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ನಿಲ್ಲುತ್ತವೆ. ಜನ ಎಷ್ಟು ಕಿಕ್ಕಿರಿದರೆ ಜಾತ್ರೆ ಅಷ್ಟು ಕಳೆಗಟ್ಟಿತು ಎಂದು ಅರ್ಥ. ಅದು ಬೇಸಿಗೆಗೆ ಮುಂಚಿನ ಒಣ ದಿನಗಳ ಜಾತ್ರೆ, ಕೆಲವೇ ದಿನಗಳದ್ದು, ಆಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರುತ್ತಾರೆ. ವರ್ಷವಿಡೀ ತೆರೆದಿರುವ, ಮಳೆಯಲ್ಲೂ ಜನರನ್ನು ಹಿಡಿದಿಟ್ಟುಕೊಳ್ಳಬೇಕಾದ, ನೂಕುನುಗ್ಗಲನ್ನು ಪ್ರತಿಯೊಬ್ಬನೂ ದೂರಾಗಿ ಎಣಿಸುವ ಪಾರ್ಕಿಗೆ ಆ ಮೈದಾನದ ಕ್ರಮ ಒಗ್ಗುವಂಥದ್ದಲ್ಲ.

ರೋಗಲಕ್ಷಣ

ಹುಡುಗ ಹೇಳಿದ್ದು ಮಳೆಯಲ್ಲಿ ಪಾರ್ಕ್ ಮಲಗುತ್ತದೆ ಎಂದು. ನಾನು ಆಟವನ್ನು ಬಿಟ್ಟು ಸುಮ್ಮನೆ ನೋಡುತ್ತ ಕುಳಿತಾಗ ಕಂಡದ್ದು ಸ್ವಲ್ಪ ಬೇರೆ. ಬಿಸಿಲಿದ್ದಾಗ 740ರ ಆಸುಪಾಸಿಗೆ ಏರುತ್ತಿದ್ದ ಸಂದರ್ಶಕರ ಸಂಖ್ಯೆ ಮಳೆ ಸುರಿಯುತ್ತಿರುವಾಗ ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು. ಇಳಿಯುತ್ತಿದ್ದದ್ದು ಮಳೆ ನಿಂತ ಮೇಲೆ. ನಿಂತ ಕೆಲಹೊತ್ತಿನಲ್ಲೇ ಜನ ತಂಡತಂಡವಾಗಿ ಹೊರಡತೊಡಗಿ ಸಂಖ್ಯೆ 600ರ ಹತ್ತಿರಕ್ಕೆ ಬರುತ್ತಿತ್ತು. ಅದರ ಜೊತೆಗೇ 800 ದಾಟಿದ್ದ ರೇಟಿಂಗ್ 620ರವರೆಗೆ ಜಾರುತ್ತಿತ್ತು. ರೇಟಿಂಗ್ ಜಾರಿದ ಮೇಲೆ ಹೊಸಬರ ಬರುವಿಕೆಯೂ ಕಡಿಮೆಯಾಗುತ್ತಿತ್ತು. ಮತ್ತೆ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮಳೆ ಬಂದಿರುತ್ತಿತ್ತು.

ಮಳೆಯೇ ಕಾರಣವಾಗಿದ್ದರೆ ಮಳೆ ನಿಂತೊಡನೆ ಪಾರ್ಕ್ ಎದ್ದು ನಿಲ್ಲಬೇಕಿತ್ತು. ಹಾಗಾಗದೆ ಅದು ಆಗಲೇ ಕುಸಿಯುತ್ತಿದ್ದುದರಿಂದ, ಮಳೆಯ ಹೊತ್ತಿನಲ್ಲಿ ಜನರೊಳಗೆ ಏನೋ ಒಂದು ಕೂಡಿಕೊಳ್ಳುತ್ತಿದೆ, ಅದು ಆಮೇಲೆ ಹೊರಬೀಳುತ್ತಿದೆ ಎಂದು ಊಹಿಸಬೇಕಾಯಿತು. ಸಂದರ್ಶಕರ ಪಟ್ಟಿಯಲ್ಲಿ ಎಲ್ಲರ ಆಲೋಚನೆಗಳನ್ನು ಒಟ್ಟುಗೂಡಿಸಿ ತೋರಿಸುವ ಸಾರಾಂಶ ಪುಟವಿದೆ. ಮಳೆಯ ನಡುವೆ ಅದನ್ನು ತೆರೆದಾಗ, ‘ಮಳೆ ಬರುತ್ತಿರುವಾಗ ನಾನು ಇದನ್ನು ಹತ್ತುವುದಿಲ್ಲ’ ಎಂಬುದೇ ಮೇಲಿತ್ತು, ಅದು ನಿರೀಕ್ಷಿತವೇ. ಮಳೆ ನಿಂತ ಬಳಿಕ ತೆರೆದಾಗ ಮೇಲಿದ್ದವು ಬೇರೆ ಮೂರು: ‘ಇಲ್ಲಿ ಬಹಳ ನೂಕುನುಗ್ಗಲು’, ‘ನನಗೆ ಶೌಚಾಲಯ ಬೇಕು’, ‘ಪಾರ್ಕಿನಿಂದ ಹೊರಹೋಗುವ ದಾರಿ ಸಿಗುತ್ತಿಲ್ಲ’.

ಹುಡುಗನಿಗೆ ಆ ಹೊತ್ತಿಗೆ ಹೊಳೆದ ಪರಿಹಾರ, ನೆತ್ತಿಯಲ್ಲಿ ಇನ್ನೊಂದು ದೊಡ್ಡ ಕೋಸ್ಟರ್ ಕಟ್ಟುವುದು. ಇದು ಈ ಆಟ ಆಡುವ ಬಹಳ ಮಂದಿಯ ಮೊದಲ ಆಲೋಚನೆ, ಅದರಲ್ಲಿ ತರ್ಕವೂ ಇದೆ. ತೆರೆದಿರುವ ಪ್ರತಿ ರೈಡೂ ಪಾರ್ಕ್ ಎಷ್ಟು ಜನರನ್ನು ಸೆಳೆಯಬಲ್ಲದೆಂಬ ಲೆಕ್ಕಕ್ಕೆ ಒಂದಿಷ್ಟನ್ನು ಸೇರಿಸುತ್ತದೆ. ಆದರೆ ಹಾಗೆ ಸೆಳೆದ ಜನವೂ ಏರಬೇಕಾದದ್ದು ಅದೇ ಒಂದು ಚೌಕದ ದಾರಿಯನ್ನು.

ಗೆಸ್ಟ್ 412ರ ಹಿಂದೆ

ಆಟ ಸಂದರ್ಶಕರಿಗೆ ಹೆಸರಿನ ಬದಲು ಸಂಖ್ಯೆ ಕೊಡುತ್ತದೆ. ನಾನು ಮಳೆಗೆ ಸ್ವಲ್ಪ ಮೊದಲು ದ್ವಾರದಿಂದ ಒಳಬಂದ ಒಬ್ಬನನ್ನು, ಗೆಸ್ಟ್ 412 ಎಂಬವನನ್ನು, ಆರಿಸಿಕೊಂಡು ಅವನ ಕಿಟಕಿಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟೆ. ಅವನು ಕೆಳಗಿನ ಅಂಗಡಿಯಲ್ಲಿ ಬರ್ಗರ್ ಕೊಂಡು ತಿನ್ನುತ್ತಲೇ ಬೆಟ್ಟ ಏರಿದ. ಮಾಹಿತಿ ಕೇಂದ್ರವನ್ನು ದಾಟಿಹೋದರೂ ಆಗ ಬಿಸಿಲಿದ್ದುದರಿಂದ ಕೊಡೆ ಕೊಳ್ಳಲಿಲ್ಲ, ನಕ್ಷೆಯನ್ನೂ ಕೊಳ್ಳಲಿಲ್ಲ. ನೆತ್ತಿ ತಲುಪಿ ಒಂದು ಸಣ್ಣ ರೈಡ್ ಹತ್ತಿ ಇಳಿದ. ಸಂತೋಷದ ಪಟ್ಟಿ ಹಸಿರಾಗಿ ತುಂಬಿತ್ತು.

ಆಮೇಲೆ ಮಳೆ ಹಿಡಿಯಿತು. ಮರದ ಕೋಸ್ಟರಿನ ಬಾಗಿಲಿಗೆ ಹೋಗಿ, ಮಳೆಯಲ್ಲಿ ಹತ್ತುವುದಿಲ್ಲವೆಂದು ಹಿಂದೆ ಸರಿದ. ಪಕ್ಕದ ರೈಡಿನ ಬಳಿಯೂ ಅದೇ. ಅಷ್ಟು ಹೊತ್ತಿಗೆ ನೆತ್ತಿಯ ಪ್ರತಿ ರೈಡಿನಿಂದ ಇಳಿದವರು ಕಲ್ಲುಹಾಸಿಗೆ ಬಂದು ಸೇರುತ್ತಿದ್ದರು, ಯಾರೂ ಮತ್ತೆ ಹತ್ತುತ್ತಿರಲಿಲ್ಲ, ಕೆಳಗಿನಿಂದ ಏರಿ ಬರುವವರ ಸಾಲು ಮಾತ್ರ ನಿಂತಿರಲಿಲ್ಲ. ನೂಕುನುಗ್ಗಲಿನ ಆಲೋಚನೆ ಅವನ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು, ಪ್ರತಿ ಬಾರಿಯೂ ಸಂತೋಷ ಒಂದಿಷ್ಟು ಇಳಿಯಿತು. ಅವನು ಕಲ್ಲುಹಾಸಿನ ಅಂಚಿನಿಂದ ಮೆಕ್ಯಾನಿಕ್‌ಗಳ ಹಿಂದಾರಿಗೆ ಹೊಕ್ಕು, ಅದು ಮುಂದೆ ಎಲ್ಲಿಗೂ ಹೋಗದೆ ರೈಡಿನ ಬೆನ್ನಿಗೆ ಮುಗಿದುದರಿಂದ ತಿರುಗಿ ಬಂದ. ಮತ್ತೆ ಕಲ್ಲುಹಾಸಿನಲ್ಲಿ ಸುತ್ತಿ ಇನ್ನೊಂದು ಹಿಂದಾರಿಗೆ ಹೊಕ್ಕ.

ಮಳೆ ನಿಂತಾಗ ಅವನ ಶೌಚದ ಪಟ್ಟಿ ಕೆಂಪಾಗಿತ್ತು. ಹತ್ತಿರದ ಶೌಚಾಲಯ ಇದ್ದದ್ದು ತಪ್ಪಲಿನಲ್ಲಿ. ರೈಡುಗಳು ಮತ್ತೆ ಜನರನ್ನು ಕರೆಯುತ್ತಿದ್ದರೂ ಅವನ ಸಂತೋಷ ಆ ವೇಳೆಗೆ ಎಷ್ಟು ಕೆಳಗಿಳಿದಿತ್ತೆಂದರೆ, ಅವನು ಮನೆಗೆ ಹೋಗುವ ತೀರ್ಮಾನ ಮಾಡಿಬಿಟ್ಟ. ಮಾಡಿದ ಮೇಲೂ ಹೋಗಲಿಲ್ಲ, ಹೋಗಲು ಆಗಲಿಲ್ಲ. ಈ ಆಟದಲ್ಲಿ ಸಂದರ್ಶಕರು ತಮ್ಮ ಮುಂದಿನ ಕೆಲವು ಕವಲುಗಳಷ್ಟೇ ದೂರಕ್ಕೆ ದಾರಿ ಲೆಕ್ಕ ಹಾಕಬಲ್ಲರು; ಕೈಯಲ್ಲಿ ನಕ್ಷೆಯಿದ್ದವರು ಅದಕ್ಕಿಂತ ಕೊಂಚ ಮುಂದಕ್ಕೆ ನೋಡುತ್ತಾರೆ. ಅಗಲವಾದ ಕಲ್ಲುಹಾಸು ಮತ್ತು ಅದಕ್ಕೆ ಅಂಟಿದ ಕುರುಡು ದಾರಿಗಳು ಕವಲುಗಳನ್ನು ಬೆಳೆಸುತ್ತ ಹೋಗುತ್ತವೆ. ಅನುಭವಿ ಆಟಗಾರರು ದಾರಿಗಳನ್ನು ಆದಷ್ಟು ಒಂದು ಚೌಕದ ಅಗಲಕ್ಕೆ, ಕಡಿಮೆ ಕವಲುಗಳಿಗೆ ಇಳಿಸುವುದು ಇದಕ್ಕಾಗಿಯೇ. 412 ಆ ಕಲ್ಲುಹಾಸಿನಲ್ಲಿ ಆಟದ ಲೆಕ್ಕದ ಒಂದು ತಿಂಗಳಿನಷ್ಟು ಅಲೆದು, ಕೊನೆಗೆ ಇಳಿದಾರಿ ಹಿಡಿದು ಹೊರಬಿದ್ದ. ಅವನ ಜೇಬಿನಲ್ಲಿ ಆಗಲೂ 30 ಡಾಲರಿಗಿಂತ ಹೆಚ್ಚು ಹಣ ಉಳಿದಿತ್ತು.

ಆ ಉಳಿದ ಹಣವನ್ನು ತೋರಿಸಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಟಿಕೆಟ್ ದುಬಾರಿಯಾಯಿತೆಂದೋ ರೈಡುಗಳು ಸಾಲವೆಂದೋ ಹೋದವನು ಇವನಲ್ಲ. ಖರ್ಚು ಮಾಡಲು ಸಿದ್ಧನಾಗಿಯೇ ಬಂದು, ಮಾಡುವುದಕ್ಕೆ ಏನೂ ಇಲ್ಲದ ಜಾಗದಲ್ಲಿ ಸಿಕ್ಕಿಕೊಂಡವನು. ಇನ್ನೂ ಕೆಲವರನ್ನು ಹೀಗೆಯೇ ಹಿಂಬಾಲಿಸಿದೆವು. ವಿವರಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಕಥೆ ಅದೇ ಆಗಿತ್ತು.

ಕಸದ ವಿಷಯವೊಂದು ಜೊತೆಗೆ ಸೇರಿಕೊಂಡಿತ್ತು. ತಿಂದವರು ಖಾಲಿ ಡಬ್ಬಿಗಳನ್ನು ನೆತ್ತಿಯ ಮೇಲೆ ಎಸೆಯುತ್ತಿದ್ದರು, ಅಲ್ಲಿಗೆಂದು ನೇಮಿಸಿದ ಹ್ಯಾಂಡಿಮ್ಯಾನ್‌ಗಳು, ಅಂದರೆ ಕಸ ಗುಡಿಸುವ ಸಿಬ್ಬಂದಿ, ಹುಲ್ಲು ಕತ್ತರಿಸುತ್ತ ಬೆಟ್ಟದ ಇಳಿಜಾರಿಗೆ ಇಳಿದುಹೋಗಿದ್ದರು. ಹುಲ್ಲು ಕತ್ತರಿಸುವ ಕೆಲಸವನ್ನು ಅವರ ಕಿಟಕಿಯಲ್ಲಿ ತೆಗೆದುಹಾಕಿ, ಇಬ್ಬರಿಗೆ ನೆತ್ತಿಯನ್ನೇ ಕಾವಲು ಪ್ರದೇಶವಾಗಿ ಗುರುತು ಹಾಕಿದ್ದಕ್ಕೆ ಆ ಸಮಸ್ಯೆ ಮುಗಿಯಿತು.

ಮಾಡಿದ ಬದಲಾವಣೆಗಳು

ಮೂಲ ಆಟದಲ್ಲಿ ಕಾಲವನ್ನು ನಿಲ್ಲಿಸಿಟ್ಟು ಕಟ್ಟಲು ಬರುವುದಿಲ್ಲ. ಓಪನ್‌ಆರ್‌ಸಿಟಿ2ರಲ್ಲಿ ಅದಕ್ಕೂ ಚೀಟ್ ಇದೆ, ಆದರೆ ನಾವು ಅದನ್ನು ಬಳಸದಿರಲು ಒಪ್ಪಿಕೊಂಡಿದ್ದೆವು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯವಾಯಿತು. ಸಾಲವೂ ಮಿತಿ ಮುಟ್ಟಿತ್ತು. ನೆತ್ತಿಯಲ್ಲಿ ಜನರೇ ಹತ್ತದಿದ್ದ ಒಂದು ರೈಡನ್ನು ಕೆಡವಿ, ಅದರಿಂದ ಮರಳಿ ಬಂದ ಅಷ್ಟಿಷ್ಟು ಹಣದಲ್ಲಿ ದಾರಿಯ ಕೆಲಸ ಶುರು ಮಾಡಿದೆವು.

ಕಲ್ಲುಹಾಸನ್ನು ಕಿತ್ತು, ನೆತ್ತಿಯನ್ನು ಬಳಸುವ ಒಂದು ಚೌಕದ ಉಂಗುರ ದಾರಿಯನ್ನಾಗಿ ಮಾಡಲಾಯಿತು. ಮೆಕ್ಯಾನಿಕ್‌ಗಳ ಹಿಂದಾರಿಗಳ ಬಾಯಿಗೆ ಪ್ರವೇಶವಿಲ್ಲವೆಂಬ ಫಲಕ ಹಾಕಿದೆವು. ಸಂದರ್ಶಕರು ಆ ಫಲಕವನ್ನು ಪಾಲಿಸುತ್ತಾರೆ, ಸಿಬ್ಬಂದಿಗೆ ಅದರಿಂದ ತಡೆಯಾಗುವುದಿಲ್ಲ. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ನೇರವಾಗಿ ದ್ವಾರಕ್ಕೆ ಇಳಿಯುವ ಎರಡನೆಯ ದಾರಿಯನ್ನು ತೆಗೆದು, ನೆತ್ತಿಯ ದೊಡ್ಡ ರೈಡುಗಳ ನಿರ್ಗಮನವನ್ನು ಅದರ ಕಡೆಗೆ ತಿರುಗಿಸಲಾಯಿತು. ಹುಡುಗನಿಗೆ ಕಲ್ಲುಹಾಸು ಕೀಳುವುದು ಇಷ್ಟವಿರಲಿಲ್ಲ. ಅವನು ಅದಕ್ಕೆ ದೀಪ, ಹೂವಿನ ಪಾತಿ ಎಲ್ಲ ಹಾಕಿ ಬಹಳ ಆಸ್ಥೆಯಿಂದ ಮಾಡಿದ್ದ. ಉಂಗುರದ ಒಳಗಡೆ ಆ ಪಾತಿಗಳನ್ನು ಹಾಗೆಯೇ ಉಳಿಸಿಕೊಂಡೆವು, ಅದರಿಂದ ಪಾರ್ಕ್ ಮೊದಲಿಗಿಂತ ಚೆನ್ನಾಗಿಯೇ ಕಾಣಿಸಿತು.

ಎರಡನೆಯದು ಬೆಟ್ಟದ ನಡುಮಟ್ಟ. ಏರುದಾರಿಯ ಅರ್ಧದಲ್ಲಿ ಇಳಿಜಾರನ್ನು ಕಡಿದು ಒಂದು ತಟ್ಟು ಮಾಡಿ, ಅಲ್ಲಿ ಶೌಚಾಲಯ, ಒಂದು ಪಾನೀಯದ ಅಂಗಡಿ, ಸಾಲು ಬೆಂಚುಗಳು ಮತ್ತು ಎರಡನೆಯ ಮಾಹಿತಿ ಕೇಂದ್ರವನ್ನು ಇಟ್ಟೆವು. ಬೆಂಚಿನ ಮೇಲೆ ಕೂತರೆ ದಣಿವು ಇಳಿಯುತ್ತದೆ, ಓಕರಿಕೆಯೂ ಇಳಿಯುತ್ತದೆ. ಬೆಟ್ಟದ ಪಾರ್ಕಿನಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಕಾರಿಯಾದ ವಸ್ತು ಇನ್ನೊಂದಿಲ್ಲ. ಅದೇ ತಟ್ಟಿನಲ್ಲಿ ಹಣ ಕೂಡಿದಂತೆ ಒಂದು ಹಾಂಟೆಡ್ ಹೌಸ್, ಆಮೇಲೆ ಡಿಕ್ಕಿ ಕಾರುಗಳ ಅಂಕಣ ಬಂದವು. ಇವೆರಡೂ ಮಾಡಿನೊಳಗಿನ ರೈಡುಗಳಾದ್ದರಿಂದ ಮಳೆಯಲ್ಲೂ ಜನ ಹತ್ತುತ್ತಾರೆ.

ಮೂರನೆಯ ಬದಲಾವಣೆಯೇ ಈ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ್ದು, ಅದನ್ನು ಸೂಚಿಸಿದವನೂ ಹುಡುಗನೇ. ರೋಲರ್ ಕೋಸ್ಟರಿನ ಹಳಿ ಸಾಕಷ್ಟು ದೂರ ಮಾಡಿನಡಿ ಅಥವಾ ನೆಲದಡಿ ಸಾಗಿದರೆ, ಆಟ ಅದನ್ನು ಮಳೆಯಿಂದ ರಕ್ಷಣೆಯುಳ್ಳ ರೈಡ್ ಎಂದು ಎಣಿಸುತ್ತದೆ. ಇಡೀ ಹಳಿ ಮುಚ್ಚಿರಬೇಕೆಂದಿಲ್ಲ, ಒಂದು ಭಾಗ ಮುಚ್ಚಿದ್ದರೂ ಸಾಕು. ಹಳಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸುರಂಗ ತಾನಾಗಿಯೇ ಕೊರೆದುಕೊಳ್ಳುತ್ತದೆ. “ಮಾವ, ಬೆಟ್ಟ ಇದ್ಯಲ್ಲ, ಮಾಡು ಯಾಕೆ ಕಟ್ಬೇಕು?” ಎಂದು ಅವನು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅಲ್ಲಿಯವರೆಗೆ ಬೆಟ್ಟದ ಹೊರಮೈಯಲ್ಲಿ ಸುತ್ತುತ್ತಿದ್ದ ಮರದ ಕೋಸ್ಟರನ್ನು ಮುಚ್ಚಿ, ಮೊದಲ ಇಳಿತದ ನಂತರದ ಹಳಿಯನ್ನು ಕಿತ್ತು, ಬೆಟ್ಟದ ಹೊಟ್ಟೆಯೊಳಗಿನಿಂದ ಹಾಯಿಸಿ, ಎರಡು ತಿರುವುಗಳನ್ನು ಕತ್ತಲಲ್ಲೇ ಮುಗಿಸಿ ಆಚೆ ಬದಿಯಲ್ಲಿ ಹೊರತೆಗೆದ. ಹಳಿ ಬದಲಿಸಿದ ಮೇಲೆ ಪರೀಕ್ಷಾ ಓಟ ಮುಗಿಯುವವರೆಗೆ ಉತ್ಸಾಹ, ತೀವ್ರತೆ, ಓಕರಿಕೆ ಎಂಬ ಮೂರು ಅಂಕಗಳು ಸಿಗುವುದಿಲ್ಲ. ಓಟ ಮುಗಿದು ಅಂಕ ಬಂದಾಗ ಉತ್ಸಾಹದ ಅಂಕ ಮೊದಲಿಗಿಂತ ಹೆಚ್ಚಾಗಿತ್ತು; ಮುಚ್ಚಿದ ಹಳಿಯೂ ಸುರಂಗವೂ ಆ ಅಂಕಕ್ಕೆ ನೆರವಾಗುತ್ತವೆ. ತಿರುವುಗಳನ್ನು ಸ್ವಲ್ಪ ಬಾಗಿಸಿ ಹಾಕಿದ್ದರಿಂದ ತೀವ್ರತೆ ಏರಲಿಲ್ಲ. ಬಾಗದ ತಿರುವಿನಲ್ಲಿ ವೇಗವಾಗಿ ಹೋದರೆ ಪಕ್ಕದೊತ್ತಡ ಹೆಚ್ಚಿ ತೀವ್ರತೆ ಮಿತಿ ಮೀರುವುದು, ಆಗ ಜನ ಬಾಗಿಲಿಗೆ ಬಂದು ಹಿಂದಿರುಗುವುದು ಈ ಆಟದಲ್ಲಿ ಸಾಮಾನ್ಯ.

ಕೊಡೆಯ ಬೆಲೆ

ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಿರಲಿಲ್ಲ. ಮಳೆ ಸುರಿಯುವಾಗ ಕೊಡೆಗೆ ಎಷ್ಟು ದುಬಾರಿ ಬೆಲೆ ಇಟ್ಟರೂ ಜನ ಕೊಳ್ಳುತ್ತಾರೆಂಬುದು ಈ ಆಟದವರೆಲ್ಲರಿಗೂ ಗೊತ್ತಿರುವ ಸಂಗತಿ. ಹುಡುಗ ಅದನ್ನು ಬೇಗನೆ ಕಂಡುಕೊಂಡು, ಮೋಡ ಕಟ್ಟಿದೊಡನೆ ಬೆಲೆ ಏರಿಸುವುದನ್ನು ರೂಢಿ ಮಾಡಿಕೊಂಡಿದ್ದ. ಅಲ್ಪಕಾಲದಲ್ಲಿ ಅದು ದೊಡ್ಡ ಆದಾಯ, ಸಾಲ ತೀರಿಸಬೇಕಾದವನಿಗೆ ಅದರ ಆಸೆ ಹುಟ್ಟುವುದು ಸಹಜ.

ಆದರೆ ಪ್ರತಿ ಟಿಕೆಟಿಗೂ ದುಡ್ಡು ಪಡೆಯುವ ಪಾರ್ಕಿನಲ್ಲಿ ಸಂದರ್ಶಕನ ಜೇಬು ಒಂದೇ. ಅವನು ತಂದದ್ದರಲ್ಲಿ ದೊಡ್ಡ ಪಾಲು ಕೊಡೆಗೇ ಹೋದರೆ ರೈಡಿಗೆ, ತಿಂಡಿಗೆ ಉಳಿಯುವುದು ಕಡಿಮೆ. ಹಣವೆಲ್ಲ ಖರ್ಚಾಯಿತೆಂಬ ಆಲೋಚನೆ ಬಂದವನು ಬೇಗ ಮನೆಯ ದಾರಿ ಹಿಡಿಯುತ್ತಾನೆ. ಗುರಿ ಇರುವುದು ಗಲ್ಲಾಪೆಟ್ಟಿಗೆಯಲ್ಲಿ ಇಷ್ಟು ಹಣ ಇರಬೇಕೆಂದಲ್ಲ, ಅಕ್ಟೋಬರ್ ಕೊನೆಯಲ್ಲಿ ಪಾರ್ಕಿನೊಳಗೆ 1,000 ಜನ ನಿಂತಿರಬೇಕೆಂದು. ಹಾಗಿರುವಾಗ ಜನರನ್ನು ಬೇಗ ಕಳುಹಿಸಿಕೊಡುವ ಯಾವ ಆದಾಯವೂ ಬೇಡವೆಂದು ನಾನು ವಾದಿಸಿದೆ. ಹಣ ತೆಗೆಯುವ ಯಂತ್ರ ಇಟ್ಟರಾಯಿತಲ್ಲ ಎಂದು ಅವನು ಉತ್ತರಿಸಿದ. ಅದು ಸರಿಯಾದ ಉತ್ತರವೇ, ಆಟದಲ್ಲಿ ಅಂಥ ಯಂತ್ರವಿದೆ. ಆದರೆ ಅವನ ಸಿನಾರಿಯೊದಲ್ಲಿ ಅದಿನ್ನೂ ಸಂಶೋಧನೆಯಿಂದ ಹೊರಬಂದಿರಲಿಲ್ಲ. ಕೊನೆಗೆ ಕೊಡೆಗೆ ಮಾಮೂಲಿಗಿಂತ ತುಸು ಹೆಚ್ಚಿನ, ಮಳೆಗೂ ಬಿಸಿಲಿಗೂ ಒಂದೇ ಆದ ಬೆಲೆಯನ್ನು ಇಟ್ಟೆವು, ನಕ್ಷೆಯನ್ನು ಬಹುತೇಕ ಪುಕ್ಕಟೆಯಾಗಿ ಕೊಟ್ಟೆವು. ಕೊಡೆ ಹಿಡಿದವನಿಗೆ ಇನ್ನೊಂದು ಅನುಕೂಲವೂ ಇದೆ: ಗಿಡಗಳ ಚಕ್ರವ್ಯೂಹದಂತಹ ನಡೆದಾಡುವ ರೈಡಿಗೆ ಅವನು ಮಳೆಯಲ್ಲೂ ಹೋಗಬಲ್ಲ. ಅಂಥದೊಂದನ್ನು ತಪ್ಪಲಿನಲ್ಲಿ ಮಾಡಿದ್ದು ಒಳ್ಳೆಯ ಫಲ ಕೊಟ್ಟಿತು.

ಫಲಿತಾಂಶ

ದಾರಿ ಬದಲಾದ ನಂತರದ ಮೊದಲ ಮಳೆಯಲ್ಲೇ ವ್ಯತ್ಯಾಸ ಕಂಡಿತು, ಆಗಿನ್ನೂ ಸುರಂಗದ ಕೆಲಸ ಮುಗಿದಿರಲಿಲ್ಲ. ಸಾರಾಂಶ ಪುಟದಲ್ಲಿ ಹೊರದಾರಿ ಸಿಗದವರ ಸಾಲು ಪೂರ್ತಿ ಕೆಳಕ್ಕೆ ಇಳಿದಿತ್ತು, ರೇಟಿಂಗ್ 750ರ ಮೇಲೇ ನಿಂತಿತು. ನೂಕುನುಗ್ಗಲಿನ ದೂರು ಮಾತ್ರ ಉಳಿದುಕೊಂಡಿತು, ಅದು ಹಾಂಟೆಡ್ ಹೌಸ್ ಮತ್ತು ಡಿಕ್ಕಿ ಕಾರುಗಳು ಬಂದಮೇಲೆ ತಗ್ಗಿತು. ಸುರಂಗದ ಕೋಸ್ಟರ್ ತೆರೆದ ಬಳಿಕ ಮಳೆಯ ಹೊತ್ತಿನಲ್ಲಿ ಅದರ ಸಾಲು ಬಿಸಿಲಿಗಿಂತ ಉದ್ದವಾಗತೊಡಗಿತು. ತೆರೆದ ರೈಡುಗಳನ್ನು ಬಿಟ್ಟವರೆಲ್ಲ ಅಲ್ಲಿಗೆ ಬರುತ್ತಿದ್ದರು. ಸರದಿಯಲ್ಲಿ ಬಹಳ ಹೊತ್ತು ಕಾಯುವುದೂ ಬೇಸರಕ್ಕೆ ಕಾರಣವಾಗುವುದರಿಂದ, ಸಾಲಿನ ಉದ್ದವನ್ನು ಕತ್ತರಿಸಿ, ಅಲ್ಲಿಗೊಬ್ಬ ಮನರಂಜಕನನ್ನು ನೇಮಿಸಿದೆವು. ತಿಂಗಳಿಗೆ 55 ಡಾಲರ್ ಸಂಬಳದ ಆ ವೇಷಧಾರಿಯನ್ನು ಹುಡುಗ ಮೊದಲು ದಂಡದ ಖರ್ಚೆಂದು ತಿಳಿದಿದ್ದ.

ಮೂರನೆಯ ವರ್ಷದ ಜುಲೈ ಹೊತ್ತಿಗೆ ಮಳೆ ಬಂದರೆ ಸಂಖ್ಯೆ ಇಪ್ಪತ್ತು ಮೂವತ್ತರಷ್ಟು ಇಳಿದು ಮತ್ತೆ ಏರಿಕೊಳ್ಳುತ್ತಿತ್ತು. ಸಾಲ ಅರ್ಧಕ್ಕೆ ಬಂತು. ಆಗ ಹುಡುಗ ಮೊದಲೇ ಆಸೆಪಟ್ಟಿದ್ದ ಎರಡನೆಯ ಕೋಸ್ಟರನ್ನು ಕಟ್ಟಿದ, ನೆತ್ತಿಯಲ್ಲಲ್ಲ, ತಪ್ಪಲಿನ ಖಾಲಿ ಜಾಗದಲ್ಲಿ. ಈ ಬಾರಿ ಅದಕ್ಕೆ ನಾನೂ ಒತ್ತಾಯಿಸಿದೆ. ಹೆಚ್ಚು ಜನರನ್ನು ಹೊರಬಲ್ಲ ದಾರಿಗಳು ಸಿದ್ಧವಾಗಿದ್ದವು, ಹೆಚ್ಚು ಜನರನ್ನು ಸೆಳೆಯುವ ರೈಡಿನ ಅಗತ್ಯವೇ ಈಗ ಇದ್ದದ್ದು. ಅಕ್ಟೋಬರ್ ಕೊನೆಗೆ ಪಾರ್ಕಿನೊಳಗೆ 1,000ಕ್ಕಿಂತ ಹೆಚ್ಚು ಜನ ಇದ್ದರು, ರೇಟಿಂಗ್ 800ರ ಹತ್ತಿರವಿತ್ತು, ಗುರಿ ಮುಟ್ಟಿದ ಸಂದೇಶ ಪರದೆಯ ಮೇಲೆ ಬಂತು.

ಬಾಕಿ ಉಳಿದಿರುವ ಕೆಲಸವೂ ಇದೆ. ಬೆಟ್ಟದ ಹೊಟ್ಟೆ ಹೊಕ್ಕ ಮರದ ಕೋಸ್ಟರ್ ಈಗ ಹಳೆಯದಾಗುತ್ತಿದೆ. ವಯಸ್ಸಾದಂತೆ ರೈಡಿನ ವಿಶ್ವಾಸಾರ್ಹತೆ ಇಳಿಯುತ್ತದೆ, ಜನ ಕೊಡಲೊಪ್ಪುವ ಟಿಕೆಟ್ ದರವೂ ಇಳಿಯುತ್ತದೆ. ಮಳೆಯಲ್ಲಿ ಪಾರ್ಕಿನ ಭಾರವನ್ನೆಲ್ಲ ಹೊರುವ ರೈಡೇ ಮಳೆಯ ನಡುವೆ ಕೆಟ್ಟು ನಿಂತರೆ ಹಳೆಯ ಕಥೆ ಮರುಕಳಿಸಬಹುದು. ಹುಡುಗ ಅದರ ತಪಾಸಣೆಯ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ, ಒಬ್ಬ ಮೆಕ್ಯಾನಿಕ್‌ಗೆ ಆ ನಿಲ್ದಾಣದ ಸುತ್ತಲಿನ ಜಾಗವನ್ನಷ್ಟೇ ಕಾವಲು ಪ್ರದೇಶವಾಗಿ ಕೊಟ್ಟಿದ್ದಾನೆ. ನಾಲ್ಕನೆಯ ವರ್ಷದ ಮಾರ್ಚ್‌ನಲ್ಲಿ, ಇದೇ ಸುರಂಗವನ್ನು ಉಳಿಸಿಕೊಂಡು ಹಳೆಯ ಹಳಿಯನ್ನು ಕಿತ್ತು ಅದೇ ಜಾಗದಲ್ಲಿ ಹೊಸ ಕೋಸ್ಟರ್ ಕಟ್ಟುವುದೆಂದು ನಿರ್ಧಾರವಾಗಿದೆ. ಅದಕ್ಕೆ ಬೇಕಾದ ಹಣವನ್ನು ಈಗಲೇ ಬೇರೆ ಖರ್ಚಿಗೆ ಮುಟ್ಟದೆ ಇಟ್ಟಿದ್ದಾನೆ.